ತಟ್ಟಿದ ಹೆಣ: ಹದಿನಾರು ಕೆಟ್ಟ ಲಿಫ್ಟರ್‌ಗಳು

ಟ್ರೂಡಿ ಪೋಪ್‌ಜಾಯ್ ಎಂಜಿನ್ನಿನಿಂದ ಕಳಚಿದ ಎರಡು ಲಿಫ್ಟರ್‌ಗಳನ್ನು ಪಾದಕ್ಕೆ ಪಾದ ಕೂಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಮೆಲ್ಲಗೆ ಅಲ್ಲಾಡಿಸಲು ನೋಡಿದಳು. ಎರಡೂ ಒಂದಕ್ಕೊಂದು ಕಚ್ಚಿಕೊಂಡಂತೆ ಕೂತುಬಿಟ್ಟವು.

"ಒಂದೂ ತೂಗ್ತಿಲ್ಲ ಅಪ್ಪ," ಎಂದಳು.

ವರ್ಲಿನ್ ಪೋಪ್‌ಜಾಯ್ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. ಇದೇ ಗ್ಯಾರೇಜಿನಲ್ಲಿ ಎಂಜಿನ್ ಕಟ್ಟುತ್ತ ಮುದುಕನಾದವನು ಅವನು. ತಾನು ಕಟ್ಟಿದ ಎಂಜಿನ್ನನ್ನು ಮಗಳು ಕಣ್ಣೆದುರೇ ಬಿಚ್ಚಿ ಹರವಿದ್ದರೂ ಹಲ್ಲುನೋವು ಬಂದವನ ಹಾಗೆ ಕೆನ್ನೆಗೆ ಕೈ ಕೊಟ್ಟು ಗೋಡೆ ನೋಡುತ್ತಿದ್ದ. ಅವನನ್ನು ಅಲ್ಲಿ ಕೂರಿಸಿದವಳೂ ಟ್ರೂಡಿಯೇ. ಇವತ್ತು ಅವಳು ಮಗಳಲ್ಲ, ಶೆರಿಫ್ ಕಚೇರಿಯ ಡೆಪ್ಯುಟಿ. ಆರೋಪಿಯಾದವನು ಸಾಕ್ಷ್ಯಕ್ಕೆ ಕೈ ಹಚ್ಚುವಂತಿರಲಿಲ್ಲ.

ಆರೋಪ ಹುಟ್ಟಿದ್ದು ಕಳೆದ ವಾರ, ಊರಿನ ಇನ್ನೊಂದು ಗ್ಯಾರೇಜಿನ ಬರ್ಡೆಟ್ ರಿಂಗಲ್‌ನ ಶವಯಾತ್ರೆಯ ದಿನ. ಶವಸಂಸ್ಕಾರದ ವ್ಯಾಪಾರಿ ಐಕನ್‌ಬೆರಿಯ ಹಳೇ ಕರಿ ಶವವಾಹನ ಚರ್ಚಿನಿಂದ ಹೊರಟು ಊರಾಚೆಯ ತಿರುವು ದಾಟುವಷ್ಟರಲ್ಲಿ ಟಕ್ ಟಕ್ ಟಕ್ ಎಂದು ಸದ್ದೆದ್ದಿತ್ತು. ಹೆಣವೇ ಒಳಗಿಂದ ಪೆಟ್ಟಿಗೆ ತಟ್ಟುತ್ತಿದೆಯೆಂದು ಅರ್ಧ ಊರು ಪಕ್ಕದ ಮೆಕ್ಕೆಜೋಳದ ಹೊಲಕ್ಕೆ ನುಗ್ಗಿತ್ತು. ಎಲ್ಲರಿಗಿಂತ ಮುಂದೆ ಪಾದ್ರಿಯೇ ಇದ್ದ.

ಸದ್ದು ಪೆಟ್ಟಿಗೆಯದಲ್ಲ, ವರ್ಲಿನ್ ಕಟ್ಟಿಕೊಟ್ಟ ಎಂಜಿನ್ನಿನದು ಎಂದು ಗೊತ್ತಾದ ಮೇಲೆ ಜನ ನಕ್ಕರು. ಐಕನ್‌ಬೆರಿ ನಗಲಿಲ್ಲ. ಶವಸಂಸ್ಕಾರದ ವ್ಯಾಪಾರ ನಡೆಯುವುದೇ ಗಂಭೀರವಾದ ಮುಖದ ಮೇಲೆ. ಆ ಮುಖಕ್ಕೆ ಊರೆಲ್ಲ ನಗುವಂತಾಗಿತ್ತು. ಒಳ್ಳೆಯ ಲಿಫ್ಟರಿನ ದುಡ್ಡು ತೆಗೆದುಕೊಂಡು ವರ್ಲಿನ್ ಒಳಗೆ ಕಳಪೆ ಮಾಲು ಹಾಕಿದ್ದಾನೆ, ಇದು ಶುದ್ಧ ಮೋಸ ಎಂದು ಅವನು ದೂರು ಕೊಟ್ಟ. ಕೆಲಸಕ್ಕೆ ಬಿಟ್ಟಿದ್ದ ಎಂಜಿನ್‌ಗಳನ್ನು ಜನ ಒಬ್ಬೊಬ್ಬರಾಗಿ ಬಂದು ಟ್ರೈಲರಿನಲ್ಲಿ ವಾಪಸ್ ಒಯ್ದರು. ಗ್ಯಾರೇಜು ಬಣಗುಟ್ಟತೊಡಗಿತು.

ಶೆರಿಫ್ ಬೆನ್ನು ಹಿಡಿದುಕೊಂಡು ಕಚೇರಿಯ ನೆಲದ ಮೇಲೆ ಅಂಗಾತ ಮಲಗಿದ್ದ. ಆಡಳಿತವೆಲ್ಲ ಅಲ್ಲಿಂದಲೇ ನಡೆಯುತ್ತಿತ್ತು. ಈ ಕೇಸನ್ನು ಬೇರೆಯವರಿಗೆ ಕೊಡಿ ಎಂದು ಟ್ರೂಡಿ ಕೇಳಿದಾಗ, ಬೇರೆಯವರು ಯಾರಿದ್ದಾರೆ ತೋರಿಸು ಎಂದು ಅವನು ಮೇಜಿನ ಕೆಳಗಿನಿಂದ ಕೇಳಿದ. ಯಾರೂ ಇರಲಿಲ್ಲ. ಶುಕ್ರವಾರದೊಳಗೆ ಬೇರೆ ಅಪರಾಧಿಯನ್ನು ಹುಡುಕು, ಇಲ್ಲವಾದರೆ ನಿಮ್ಮಪ್ಪನನ್ನು ಕರೆದುಕೊಂಡು ಬಾ ಎಂದು ಅಪ್ಪಣೆಯಾಯಿತು.

ಇವತ್ತು ಗುರುವಾರ. ಟ್ರೂಡಿ ಇನ್ನೊಂದು ಜೊತೆಯನ್ನು ಎತ್ತಿಕೊಂಡಳು.

ಲಿಫ್ಟರ್ ಅಂದರೆ ದೊಡ್ಡ ಯಂತ್ರವೇನಲ್ಲ. ಹೆಬ್ಬೆರಳಿನಷ್ಟುದ್ದದ ಉಕ್ಕಿನ ತುಂಡು. ಹೊಟ್ಟೆಯಲ್ಲಿ ಎಣ್ಣೆ ತುಂಬಿಕೊಂಡು ವಾಲ್ವುಗಳನ್ನು ಎತ್ತಿ ಇಳಿಸುತ್ತದೆ. ಎಣ್ಣೆಯೇ ಮೆತ್ತೆಯಂತೆ ನಿಲ್ಲುವುದರಿಂದ ಸದ್ದಾಗುವುದಿಲ್ಲ. ಹೈಡ್ರಾಲಿಕ್ ಎಂಬ ಹೆಸರಿನ ಹಿಂದಿರುವ ಗುಟ್ಟು ಇಷ್ಟೇ. ಕಳಪೆ ಮಾಲಿನ ಹೊಟ್ಟೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ, ಆಗ ಟಕಟಕ ಶುರುವಾಗುತ್ತದೆ.

ಒಳ್ಳೆಯದನ್ನು ಆರಿಸುವುದು ಹೇಗೆಂದು ಟ್ರೂಡಿ ಅಕ್ಷರ ಕಲಿಯುವ ಮೊದಲೇ ಕಲಿತಿದ್ದಳು. ಡಬ್ಬಿಯ ಮೇಲಿನ ಹೆಸರನ್ನು ವರ್ಲಿನ್ ಎಂದೂ ನಂಬಿದವನಲ್ಲ. ಪಾದ ಕಣ್ಣಿಗೆ ಸಪಾಟಾಗಿ ಕಂಡರೂ ಕೂದಲೆಳೆಯಷ್ಟು ಉಬ್ಬಿರಬೇಕು; ಎರಡನ್ನು ಪಾದಕ್ಕೆ ಪಾದ ಕೂಡಿಸಿದರೆ ತೊಟ್ಟಿಲಿನ ಹಾಗೆ ತೂಗಬೇಕು. ಎಣ್ಣೆ ತುಂಬಿಸಿ ಒಳಗಿನ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತಿದರೆ ಅದು ಎದುರು ನಿಲ್ಲಬೇಕು. ಬಾಯಿಗೆ ಹಾಕಿದ ಕ್ಲಿಪ್ಪು ಗಟ್ಟಿಯಾಗಿರಬೇಕು, ತೆಳು ತಂತಿಯಾಗಿರಬಾರದು. ಮೊಟ್ಟೆಯ ಟ್ರೇಗಳಲ್ಲಿ ಸಾಲಾಗಿ ಇಟ್ಟಿದ್ದ ಈ ಹದಿನಾರರಲ್ಲಿ ಒಂದೂ ತೂಗಲಿಲ್ಲ, ಒಂದೂ ಎದುರು ನಿಲ್ಲಲಿಲ್ಲ, ಕ್ಲಿಪ್ಪುಗಳಂತೂ ಉಗುರು ತಾಗಿದರೆ ಹಾರುತ್ತಿದ್ದವು.

"ಇಷ್ಟು ಕೆಟ್ಟದ್ದು ಒಂದೇ ಕಡೆ ಸೇರೋದು ಆಕಸ್ಮಿಕ ಅಲ್ಲ ಅಪ್ಪ. ಕಣ್ಣು ಮುಚ್ಕೊಂಡು ತಗೊಂಡಿದ್ರೂ ನಾಲ್ಕಾದ್ರೂ ಸುಮಾರಾಗಿರೋವು ಬರ್ತಿದ್ವು."

"ಹೂಂ," ಎಂದ ವರ್ಲಿನ್.

"ನೀನು ಹಾಕಿದ್ದು ಇವಲ್ಲ ತಾನೆ?"

"ನಾನು ಗಾಡಿ ಕೊಟ್ಟ ದಿನ ಐಕನ್‌ಬೆರಿ ಓಡ್ತಿರೋ ಎಂಜಿನ್ ಮೇಲೆ ನಾಣ್ಯ ನೆಟ್ಟಗೆ ನಿಲ್ಸಿದ್ದ. ಬೀಳ್ಲಿಲ್ಲ. ಅದಕ್ಕಿಂತ ನಾನೇನು ಹೇಳಲಿ," ಎಂದು ಅವನು ಮತ್ತೆ ಗೋಡೆಯ ಕಡೆ ತಿರುಗಿದ.

ಅಪ್ಪನಿಗೆ ಅವಮಾನದಿಂದ ಮಾತೇ ಹೊರಡುತ್ತಿಲ್ಲ ಎಂದು ಟ್ರೂಡಿಗೆ ಸಂಕಟವಾಯಿತು. ಲಿಫ್ಟರ್‌ಗಳನ್ನು ಬಿಟ್ಟು ಅವಳು ಎಂಜಿನ್ನಿನ ನೆತ್ತಿಗೆ ಬಂದಳು. ಅಲ್ಲಿ ಕೂರುವ ಇನ್‌ಟೇಕ್ ಎಂಬ ಎರಕದ ಕಬ್ಬಿಣದ ಮುಚ್ಚಳವನ್ನು ಬೆಳಿಗ್ಗೆಯೇ ಚೈನ್ ಹಾಕಿ ಎತ್ತಿ ಪಕ್ಕಕ್ಕಿಟ್ಟಿದ್ದಳು. ಅದನ್ನು ತೆಗೆಯದೆ ಲಿಫ್ಟರ್ ಬದಲಾಯಿಸುವುದು ಸಾಧ್ಯವಿಲ್ಲ. ಯಾರೋ ಬದಲಾಯಿಸಿದ್ದರೆ ಅವರೂ ತೆಗೆದಿರಬೇಕು. ತೆಗೆದವರು ಮತ್ತೆ ಕೂರಿಸಿರಬೇಕು.

ಮುಚ್ಚಳ ಕೂರುವ ಅಂಚಿನ ಮೇಲೆ ಬೆರಳಾಡಿಸಿದವಳು ಹಾಗೆಯೇ ನಿಂತುಬಿಟ್ಟಳು.

ವರ್ಲಿನ್ ಎಣ್ಣೆ ಸೋರದಂತೆ ಆ ಅಂಚಿಗೆ ಯಾವಾಗಲೂ ಕಾರ್ಕ್ ಪಟ್ಟಿ ಹಾಕುವವನು. ಇಲ್ಲಿ ಕಾರ್ಕ್ ಇರಲಿಲ್ಲ. ಕರಿ ಅಂಟಿನ ಒಂದು ಉದ್ದ ಎಳೆ ಇತ್ತು. ಅದನ್ನು ಆಚೆ ತುದಿಯಿಂದ ಈಚೆ ತುದಿಯವರೆಗೆ ಹೆಬ್ಬೆರಳಿನಿಂದ ಒಂದೇ ಸಲಕ್ಕೆ ನೀವಿದ್ದರು. ಕೇಕಿನ ಮೇಲೆ ಕೆನೆ ಸವರಿದ ಹಾಗೆ ನುಣ್ಣಗಿತ್ತು.

"ಇದು ರಿಂಗಲ್ ಗ್ಯಾರೇಜಿನ ಕೈ," ಎಂದಳು ಟ್ರೂಡಿ.

ವರ್ಲಿನ್ ಸ್ಟೂಲಿನಿಂದ ಎದ್ದೇಬಿಟ್ಟ. ಬರ್ಡೆಟ್ ಸತ್ತಿದ್ದಾನೆ, ಸತ್ತವನ ಮೇಲೆ ಹೊರಿಸಬೇಡ, ಅಂಟು ಯಾರು ಬೇಕಾದರೂ ಹಚ್ಚಬಹುದು, ಎಂಜಿನ್ ಮುಚ್ಚಿ ಮನೆಗೆ ಹೋಗಿ ಊಟ ಮಾಡು ಎಂದು ಒಂದೇ ಉಸಿರಿಗೆ ಹೇಳಿದ. ಬೆಳಿಗ್ಗೆಯಿಂದ ಅವನ ಬಾಯಿಂದ ಬಂದ ಮಾತೆಲ್ಲ ಸೇರಿಸಿದರೂ ಅಷ್ಟಾಗುತ್ತಿರಲಿಲ್ಲ.

ಟ್ರೂಡಿ ಅದನ್ನು ಅಪ್ಪನ ದೊಡ್ಡತನ ಎಂದುಕೊಂಡಳು. ಬರ್ಡೆಟ್ ಮತ್ತು ವರ್ಲಿನ್‌ರ ಜಗಳ ಊರಿನ ನೀರಿನ ಟ್ಯಾಂಕಿನಷ್ಟು ಹಳೆಯದು. ವರ್ಲಿನ್ ಹೈಡ್ರಾಲಿಕ್ ಪಕ್ಷ. ಎಂಜಿನ್ ಇದೆಯೋ ಇಲ್ಲವೋ ಎಂದು ಬಾನೆಟ್ ಎತ್ತಿ ನೋಡಬೇಕು, ಅಷ್ಟು ಸದ್ದಿಲ್ಲದಿದ್ದರೇ ಅವನ ಪ್ರಕಾರ ಅದು ಕೆಲಸ. ಬರ್ಡೆಟ್ ಎಣ್ಣೆಯ ಹೊಟ್ಟೆಯಿಲ್ಲದ ಗಟ್ಟಿ ಲಿಫ್ಟರಿನ ಪಕ್ಷ. ಎಂಜಿನ್ ಅಂದ ಮೇಲೆ ಟಕಟಕ ಅನ್ನಬೇಕು, ಅನ್ನದಿದ್ದರೆ ಅದು ಬದುಕಿದೆಯೆಂದು ನಂಬುವುದು ಹೇಗೆ ಎಂದು ಅವನು ಕೇಳುತ್ತಿದ್ದ. ಪ್ರತಿ ಶನಿವಾರ ಮಣ್ಣಿನ ರೇಸ್ ಟ್ರ್ಯಾಕಿನ ಬೇಲಿಗೆ ಒರಗಿ ಇಬ್ಬರೂ ಇದನ್ನೇ ಕಿರುಚಾಡಿಕೊಳ್ಳುತ್ತಿದ್ದರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಟ್ರ್ಯಾಕಿಗೇ ಹೋಗುತ್ತಿರಲಿಲ್ಲ.

ಅಂಟನ್ನು ಕೆರೆದು ಪೊಟ್ಟಣಕ್ಕೆ ಹಾಕಿಕೊಂಡು, ಒಂದು ಲಿಫ್ಟರನ್ನು ಜೇಬಿಗೆ ಸೇರಿಸಿ, ಟ್ರೂಡಿ ಕ್ರಮ್‌ರೈನ್‌ನ ಬಿಡಿಭಾಗಗಳ ಅಂಗಡಿಗೆ ಹೋದಳು. ಅಂಗಡಿಯ ಕಟ್ಟೆಯ ಮೇಲೆ ಲಿಫ್ಟರ್ ಇಟ್ಟಾಗ ಕ್ರಮ್‌ರೈನ್ ಅದನ್ನು ಗುರುತಿಸಿದ. ಅವನ ಮುಖ ಕೆಂಪಗಾದದ್ದನ್ನು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು.

ತನ್ನ ಅಂಗಡಿಯಲ್ಲಿ ಎಲ್ಲ ದರ್ಜೆಯ ಮಾಲೂ ಇದೆ, ಬಡವರೂ ಗಾಡಿ ಓಡಿಸಬೇಕಲ್ಲ ಎಂದು ಅವನು ಮೊದಲು ವಾದಿಸಿದ. ವರ್ಲಿನ್ ಬಂದದ್ದು ನಿಜ, ಇಡೀ ಮಧ್ಯಾಹ್ನ ಇಲ್ಲೇ ನಿಂತು ಕಪಾಟುಗಟ್ಟಲೆ ಡಬ್ಬಿ ಬಿಚ್ಚಿಸಿ, ತೂಗಿಸಿ, ಒತ್ತಿ, ಹದಿನಾರನ್ನು ಆರಿಸಿಕೊಂಡು ಹೋದದ್ದೂ ನಿಜ, ಅವು ಅಂಗಡಿಯಲ್ಲಿದ್ದ ಅತ್ಯುತ್ತಮ ಹದಿನಾರು ಎಂದು ಒಪ್ಪಿಕೊಂಡ. ಹಾಗಾದರೆ ಇದು ಯಾರು ಕೊಂಡದ್ದು ಎಂದು ಟ್ರೂಡಿ ಕೇಳಿದಳು. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂದು ಕ್ರಮ್‌ರೈನ್ ಎದೆ ಮುಟ್ಟಿಕೊಂಡ.

"ಹೆಸರು ಬೇಡ. ಏನಾಯ್ತು ಅಂತ ಮಾತ್ರ ಹೇಳಿ."

ಹೇಳದೆ ಹೊಟ್ಟೆ ಉಬ್ಬಿಹೋಗಿದ್ದ ಕ್ರಮ್‌ರೈನ್ ಕಟ್ಟೆಯ ಮೇಲೆ ಬಗ್ಗಿದ. "ಇಷ್ಟು ವರ್ಷದಲ್ಲಿ ನನ್ನ ಹತ್ರ ಒಳ್ಳೇದು ಕೊಡಿ ಅಂದಿದಾರೆ, ಸೋವಿದು ಕೊಡಿ ಅಂದಿದಾರೆ. ಇರೋದ್ರಲ್ಲಿ ಅತಿ ಕೆಟ್ಟದ್ದು ಕೊಡಿ ಅಂತ ಯಾರೂ ಕೇಳಿರ್ಲಿಲ್ಲ. ನಿಮ್ಮಪ್ಪ ಮಾಡಿದ ಹಾಗೇ ಕಣಮ್ಮ, ಅದೇ ಬೆಳಕಿಗೆ ಹಿಡಿಯೋದು, ಅದೇ ಒತ್ತೋದು. ಆದ್ರೆ ತೂಗಿದ್ರೆ ಮುಖ ಸಿಂಡರಿಸಿ ವಾಪಸ್ ಇಡ್ತಿದ್ಲು. ಒಂದು ಮೂರು ಸುಮಾರಾಗಿದ್ವು ಅಂತ ನನ್ನನ್ನೇ ಬೈದು ಬೇರೆ ತಗೊಂಡ್ಲು."

ಮಾತು ಮುಗಿಸಿದ ಮೇಲೆ ಕ್ರಮ್‌ರೈನ್‌ಗೆ ತಾನು ಏನಂದೆ ಎಂದು ಹೊಳೆಯಿತು. ಬಾಯಿ ಮುಚ್ಚಿಕೊಂಡ. ಆದರೆ 'ಇಡ್ತಿದ್ಲು' ಆಗಲೇ ಹೊರಗೆ ಬಿದ್ದು ಕಟ್ಟೆಯ ಮೇಲೆ ಕೂತಿತ್ತು.

ಈ ಸೀಮೆಯಲ್ಲಿ ಲಿಫ್ಟರನ್ನು ಬೆಳಕಿಗೆ ಹಿಡಿದು ನೋಡಬಲ್ಲ ಹೆಂಗಸರು ಇಬ್ಬರೇ. ಒಬ್ಬಳು ಟ್ರೂಡಿ.

ಇನ್ನೊಬ್ಬಳು ಅಡುಗೆಮನೆಯಲ್ಲಿ ಪೈ ಕತ್ತರಿಸುತ್ತಿದ್ದಳು. ಬರ್ಡೆಟ್‌ನ ಹೆಂಡತಿ ಓಪಲ್ ರಿಂಗಲ್‌ಳ ಮನೆಯಲ್ಲಿ ಸಾವಿನ ಮನೆಗೆ ಜನ ತಂದುಕೊಟ್ಟ ತಿಂಡಿಗೆ ಇನ್ನೂ ಜಾಗ ಸಾಲುತ್ತಿರಲಿಲ್ಲ. ಆಲೂಗಡ್ಡೆ ಮತ್ತು ಚೀಸ್ ಬೇಯಿಸಿದ ತಟ್ಟೆಗಳು ಕಿಟಕಿಯ ಕಟ್ಟೆಯವರೆಗೂ ಹಬ್ಬಿದ್ದವು. ಹಸಿರು ಜೆಲ್ಲಿಯೊಂದು ಫ್ರಿಜ್ಜಿನ ನೆತ್ತಿಯ ಮೇಲೆ ನಡುಗುತ್ತಿತ್ತು.

"ಬಾರೆ ಮರಿ, ಕೂತ್ಕೋ. ಇದನ್ನೆಲ್ಲ ನಾನೊಬ್ಳೇ ತಿಂದ್ರೆ ಬರ್ಡೆಟ್ ಹಿಂದೇನೇ ಹೋಗ್ತೀನಿ," ಎಂದು ಓಪಲ್ ಸಕ್ಕರೆ ಕೆನೆಯ ಪೈ ಒಂದು ತುಂಡನ್ನು ಮುಂದಿಟ್ಟಳು.

ಟ್ರೂಡಿ ಪೈ ಪಕ್ಕದಲ್ಲಿ ಲಿಫ್ಟರ್ ಇಟ್ಟಳು.

ಓಪಲ್ ಕೈ ಒರೆಸಿಕೊಂಡು, ಕನ್ನಡಕ ಏರಿಸಿಕೊಂಡು, ಅದನ್ನೆತ್ತಿ ಹೆಬ್ಬೆರಳಿನಿಂದ ಒತ್ತಿದಳು. ಗುಂಡಿ ಸೋತವನ ಹಾಗೆ ಒಳಗೆ ಹೋಯಿತು. ಆಕೆಗೆ ಸಂತೋಷವಾದದ್ದು ಮುಖದ ಮೇಲೇ ಕಂಡಿತು.

"ಎಂಥಾ ದರಿದ್ರ ಮಾಲು ನೋಡು. ಮಾರೋಕೆ ಕ್ರಮ್‌ರೈನ್‌ಗೆ ನಾಚಿಕೆ ಆಗ್ಬೇಕು."

"ಕೊಳ್ಳೋಕೆ ನಾಚಿಕೆ ಆಗ್ಲಿಲ್ವಾ ಓಪಲ್ ಆಂಟಿ?"

ಓಪಲ್ ತಲೆ ಎತ್ತಿದಳು. ಟ್ರೂಡಿ ಅಂಟಿನ ಪೊಟ್ಟಣವನ್ನೂ ಮೇಜಿನ ಮೇಲಿಟ್ಟಳು. ಬರ್ಡೆಟ್‌ನ ಬಲ ಹೆಬ್ಬೆರಳನ್ನು ಫ್ಯಾನ್ ಬೆಲ್ಟು ಎಂದೋ ತಿಂದುಹಾಕಿತ್ತು; ರಿಂಗಲ್ ಗ್ಯಾರೇಜಿನಿಂದ ಹೊರಟ ಪ್ರತಿಯೊಂದು ಎಂಜಿನ್ನಿನಲ್ಲೂ ಅಂಟು ನೀವುತ್ತಿದ್ದದ್ದು ಓಪಲ್‌ಳ ಹೆಬ್ಬೆರಳು. ಇದು ಊರಿಗೆಲ್ಲ ಗೊತ್ತಿದ್ದ ವಿಷಯ, ಟ್ರೂಡಿ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಹೇಳಿದಳು. ಐಕನ್‌ಬೆರಿಯ ಶೆಡ್ಡಿಗೆ ಹೋಗಿ ಅವನ ಗಾಡಿಯ ಎಂಜಿನ್ ಬಿಚ್ಚಿದ್ದು ಅಪರಾಧವೆಂದೂ, ಆ ಅಪರಾಧ ಬಂದು ಕೂತದ್ದು ತನ್ನ ಅಪ್ಪನ ತಲೆಯ ಮೇಲೆಂದೂ ಹೇಳಿದಳು. ಹೇಳುತ್ತ ಹೇಳುತ್ತ ದನಿ ಡೆಪ್ಯುಟಿಯದಾಗಿ ಉಳಿಯಲಿಲ್ಲ.

"ಅವನ ಗ್ಯಾರೇಜು ಖಾಲಿ ಬಿದ್ದಿದೆ ಆಂಟಿ. ನಾಳೆ ನಾನೇ ಅವನ ಕೈಗೆ ಬೇಡಿ ಹಾಕ್ಬೇಕು. ನಿಮಗೆ ಅವನ ಮೇಲೆ ಇಷ್ಟೊಂದು ಹಗೆ ಇತ್ತಾ?"

"ಹಗೆ ಯಾಕೆ ಇರುತ್ತೆ," ಎಂದಳು ಓಪಲ್. ಚಾಕು ಕೆಳಗಿಟ್ಟಳು. "ಆ ಹೆಬ್ಬೆರಳು ನಂದೇ. ಬರ್ಕೋ. ಐಕನ್‌ಬೆರಿ ಊಟಕ್ಕೆ ಅಂತ ಹೋದ್ರೆ ಸಂಜೆವರೆಗೂ ಬರಲ್ಲ, ಶೆಡ್ಡಿಗೆ ಬೀಗಾನೂ ಹಾಕಲ್ಲ. ಹೆಣದ ಗಾಡಿ ಯಾರು ಕದೀತಾರೆ ಅಂತ ಅವನ ಧೈರ್ಯ."

"ಯಾಕೆ ಮಾಡಿದ್ರಿ?"

"ಬರ್ಡೆಟ್ ಒಂದು ದಿನಾನೂ ಸದ್ದಿಲ್ದೆ ಎಲ್ಲಿಗೂ ಹೋದವನಲ್ಲ. ಹಾಲು ತರೋಕೆ ಹೋದ್ರೂ ಅವನ ಗಾಡಿ ಮೂರು ಬೀದಿಗೆ ಕೇಳಿಸ್ತಿತ್ತು. ಮಲ್ಕೊಂಡಿರೋವಾಗ ಆ ಸದ್ದು ಕೇಳಿದ್ರೆ ನನಗೆ ನೆಮ್ಮದಿ, ಬಂದ ಅಂತ." ಆಕೆ ಕನ್ನಡಕ ತೆಗೆದು ಏಪ್ರನ್ನಿನ ತುದಿಯಿಂದ ಒರೆಸಿದಳು. "ಕೊನೇ ಸಲ ಹೋಗೋವಾಗ ಕಳ್ಳನ ಹಾಗೆ ಸದ್ದಿಲ್ದೆ ಹೋಗ್ಬೇಕಿತ್ತಾ? ಗಟ್ಟಿ ಲಿಫ್ಟರ್ ಆ ಎಂಜಿನ್ನಿಗೆ ಕೂರಲ್ಲ, ಮೇಲಿನ ಸಾಮಾನೆಲ್ಲ ಬದ್ಲಾಯಿಸ್ಬೇಕು. ಅದಕ್ಕೇ ಕೆಟ್ಟದ್ದು ಹುಡುಕಿದ್ದು. ಹುಡುಕೋದು ಎಷ್ಟು ಕಷ್ಟ ಗೊತ್ತಾ, ಈ ಕ್ರಮ್‌ರೈನ್ ಮಧ್ಯೆ ಮಧ್ಯೆ ಒಳ್ಳೇದು ಸೇರಿಸಿಬಿಟ್ಟಿರ್ತಾನೆ."

ಟ್ರೂಡಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಎದೆಯ ಮೇಲಿಂದ ಎಂಜಿನ್ನನ್ನೇ ಎತ್ತಿಟ್ಟಷ್ಟು ಹಗುರವಾಯಿತು. ಅಪ್ಪ ಮೋಸಗಾರನಲ್ಲ. ಓಪಲ್‌ಳನ್ನು ಯಾವ ನ್ಯಾಯಾಧೀಶನೂ ಜೈಲಿಗೆ ಕಳಿಸುವುದಿಲ್ಲ. ಬೈದು, ಐಕನ್‌ಬೆರಿಗೆ ಕ್ಷಮೆ ಕೇಳಿಸಿ, ಮನೆಗೆ ಬಿಡುತ್ತಾರೆ. ಆಕೆ ಹೇಳಿದ್ದನ್ನೆಲ್ಲ ಬರೆದುಕೊಂಡು ಟ್ರೂಡಿ ಪೈಯ ಮೊದಲ ತುತ್ತು ಬಾಯಿಗಿಟ್ಟಳು.

ಆ ತುತ್ತು ಬಾಯಲ್ಲಿರುವಾಗಲೇ ಬೆಳಿಗ್ಗೆ ತಾನು ಹಾಕಿದ ಚೈನ್ ನೆನಪಾಯಿತು. ಇನ್‌ಟೇಕ್ ಮುಚ್ಚಳ ಎತ್ತಲು ತನಗೇ ಚೈನ್ ಬೇಕಾಗಿತ್ತು. ಐಕನ್‌ಬೆರಿಯ ಶೆಡ್ಡಿನಲ್ಲಿ ಚೈನ್ ಇಲ್ಲ, ಅದನ್ನು ನೇತುಹಾಕುವ ತೊಲೆಯೂ ಇಲ್ಲ. ಎದುರಿಗೆ ಕೂತ ಓಪಲ್ ಹಾಲಿನ ಜಗ್ಗನ್ನೇ ಎರಡು ಕೈಯಲ್ಲಿ ಎತ್ತುತ್ತಿದ್ದಳು.

"ಆಂಟಿ, ಇನ್‌ಟೇಕ್ ಎತ್ತಿದವರು ಯಾರು?"

ಓಪಲ್ ಹಾಲು ಬಗ್ಗಿಸುವುದರಲ್ಲಿ ಮಗ್ನಳಾದಳು.

"ತೆಗೆದ ಒಳ್ಳೇ ಲಿಫ್ಟರ್‌ಗಳೆಲ್ಲಿ? ಅವು ಸಿಕ್ಕಿದ್ರೆ ತಾನೇ ಅಪ್ಪ ಒಳ್ಳೇದೇ ಹಾಕಿದ್ದ ಅಂತ ನಾನು ತೋರಿಸೋಕಾಗೋದು."

"ಅವು ಸಿಗಲ್ಲ ಮರಿ. ಬರ್ಡೆಟ್ ಜೊತೆ ಹೋದ್ವು. ಪೆಟ್ಟಿಗೆಯೊಳಗೆ, ಅವನ ಕಾಲ ಹತ್ರ."

"ನೀವು ಇಟ್ರಾ?"

"ನಾನ್ಯಾಕೆ ಇಡ್ಲಿ? ಹೈಡ್ರಾಲಿಕ್ ಲಿಫ್ಟರ್ ಕಂಡ್ರೆ ಅವನಿಗೆ ಆಗ್ತಿರ್ಲಿಲ್ಲ." ಓಪಲ್ ಜಗ್ಗನ್ನು ಕೆಳಗಿಟ್ಟು ಟ್ರೂಡಿಯ ಕೈ ಮೇಲೆ ಕೈ ಇಟ್ಟಳು. "ಎತ್ತಿದವನೇ ಇಟ್ಟ. ಈ ಯೋಚನೆ ನಂದಲ್ಲ ಕಣೆ. ಬರ್ಡೆಟ್ ಹೋದ ದಿನ ಅವನು ಆ ಬಾಗಿಲಲ್ಲಿ ಟೋಪಿ ಕೈಲಿ ಹಿಡ್ಕೊಂಡು ನಿಂತಿದ್ದ. ಒಳಗೂ ಬರ್ಲಿಲ್ಲ. ಅವನನ್ನ ನನ್ನ ಎಂಜಿನ್ ಸದ್ದಿಲ್ದೆ ತಗೊಂಡು ಹೋಗೋದು ನನ್ನಿಂದ ನೋಡೋಕಾಗಲ್ಲ ಓಪಲ್, ಏನಾದ್ರೂ ಮಾಡು ಅಂತ ಅತ್ತ."

ಬಾಗಿಲಲ್ಲಿ ನಿಂತು ಅತ್ತವನು ಅಪ್ಪ. ಐಕನ್‌ಬೆರಿಯ ದೂರಿನ ಮಾತುಗಳು ಒಂದೊಂದಾಗಿ ತಲೆಯಲ್ಲಿ ಬಂದು ನಿಂತವು. ಒಳ್ಳೆಯ ಲಿಫ್ಟರಿನ ದುಡ್ಡು ತೆಗೆದುಕೊಂಡ, ನಿಜ. ಒಳಗೆ ಕಳಪೆ ಇರುವಂತೆ ಮಾಡಿದ, ಅದೂ ನಿಜ. ಅಪ್ಪನನ್ನು ಉಳಿಸಲೆಂದು ಇಡೀ ದಿನ ಓಡಾಡಿ ಅವಳು ಅವನ ಮೇಲಿನ ದೂರನ್ನು ಅಕ್ಷರಶಃ ಸಾಬೀತು ಮಾಡಿದ್ದಳು.

ವರ್ಲಿನ್‌ನ ಪಿಕಪ್ ಯಾವಾಗ ಬಂದು ಅಂಗಳದಲ್ಲಿ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ಅವನ ಗಾಡಿ ಸದ್ದು ಮಾಡುವುದಿಲ್ಲ. ಹಿಂಬಾಗಿಲು ತೆರೆದಾಗಲೇ ತಿರುಗಿ ನೋಡಿದರು. ಅವನು ಬಾಗಿಲಲ್ಲೇ ನಿಂತಿದ್ದ. ಮೇಜಿನ ಮೇಲಿದ್ದ ಲಿಫ್ಟರನ್ನೂ ಮಗಳ ಕೈಯಲ್ಲಿದ್ದ ಪೆನ್ನನ್ನೂ ನೋಡಿದ.

"ಹೇಳ್ಬಿಟ್ಯಾ ಓಪಲ್?"

"ಹೇಳ್ದೆ. ನಿನಗೆ ಹೇಳೋಕೆ ಬಾಯಿರ್ಲಿಲ್ಲ."

ವರ್ಲಿನ್ ಒಳಗೆ ಬಂದು ಮಗಳ ಎದುರು ಕುರ್ಚಿ ಎಳೆದುಕೊಂಡ. ಬೆಳಿಗ್ಗೆಯಿಂದ ಮೊದಲ ಸಲ ಅವಳ ಕಣ್ಣನ್ನು ನೇರವಾಗಿ ನೋಡಿದ.

"ನಾಳೆವರೆಗೂ ಯಾಕೆ, ಈಗಲೇ ಕರ್ಕೊಂಡು ಹೋಗು ಟ್ರೂಡಿ. ನಾನೇ ಬದ್ಲಾಯಿಸಿದೆ ಅಂತ ಹೇಳ್ತೀನಿ. ಆದ್ರೆ ನೀನು ಬರ್ಕೊಂಡಿದ್ದೀಯಲ್ಲ, ಅದರಲ್ಲಿ ಇವಳ ಹೆಸರು ಇರ್ಬಾರ್ದು. ಹರಿದು ಒಲೆಗೆ ಹಾಕು."

"ಹಾಕಿ ನೋಡು," ಎಂದಳು ಓಪಲ್. "ಶೆರಿಫ್ ನೆಲದ ಮೇಲಿದ್ರೂ ಕಿವಿ ಚೆನ್ನಾಗೇ ಇದೆ. ಇವಳು ಬರೋಕೆ ಮೊದ್ಲೇ ಅವನಿಗೆ ಫೋನ್ ಮಾಡಿ ಹೇಳಿದ್ದೀನಿ, ನಾನೊಬ್ಳೇ ಮಾಡಿದ್ದು, ವರ್ಲಿನ್‌ಗೆ ಏನೂ ಗೊತ್ತಿಲ್ಲ ಅಂತ. ಅದು ಸುಳ್ಳು ಅಂತ ಹೇಳೋಕೆ ಇರೋದು ಒಂದೇ ಸಾಕ್ಷಿ, ನಿನ್ನ ಮಗಳು."

ಇಬ್ಬರೂ ಟ್ರೂಡಿಯ ಕಡೆ ತಿರುಗಿದರು. ಅವಳು ಪೆನ್ನಿನ ಮುಚ್ಚಳ ತೆಗೆದೇ ಇಟ್ಟುಕೊಂಡು ಕೂತಿದ್ದಳು.